ನಾಯಿ, ಬೆಕ್ಕಿನ ಕರುಳಿಗೆ ದಿನಕ್ಕೊಂದು ಪುಡಿ

ನಾಯಿ, ಬೆಕ್ಕುಗಳ ಹೊಟ್ಟೆಗೆಂದು ಮಾರುವ ಪ್ರೋಬಯಾಟಿಕ್ (ಜೀವಂತ ಬ್ಯಾಕ್ಟೀರಿಯಾಗಳ) ಪುಡಿಗಳನ್ನು ಪೂರಾ ಬುರುಡೆ ಎಂದು ತಳ್ಳಿಹಾಕುವಂತಿಲ್ಲ. ಆದರೆ ಅವುಗಳ ಪರವಾಗಿ ಸಿಗುವ ಪುರಾವೆ ಒಂದು ಹಿಡಿಯಷ್ಟು, ಪೊಟ್ಟಣದ ಮೇಲಿನ ಭರವಸೆ ಒಂದು ಗಾಡಿಯಷ್ಟು. ಹೆಚ್ಚಾಗಿ ಉಲ್ಲೇಖಗೊಳ್ಳುವ ಅಧ್ಯಯನಗಳಲ್ಲೊಂದು 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಪ್ರಾಣಿಗಳ ಆಶ್ರಯಧಾಮವೊಂದರ ಬೆಕ್ಕುಗಳಿಗೆ ಎಂಟೆರೋಕಾಕಸ್ ಫೀಸಿಯಮ್ ಎಂಬ ಬ್ಯಾಕ್ಟೀರಿಯಾದ ಎಸ್‌ಎಫ್68 ತಳಿಯನ್ನು ಕೊಟ್ಟಾಗ, ಎರಡು ದಿನ ಅಥವಾ ಹೆಚ್ಚು ಭೇದಿಯಾದವು ಶೇ 7.4 ಮಾತ್ರ, ಕೊಡದ ಬೆಕ್ಕುಗಳಲ್ಲಿ ಶೇ 20.7. ಒಳ್ಳೆಯ ಫಲವೇ. ಅದೇ ಅಧ್ಯಯನದ ನಾಯಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಯಾಕೆಂದರೆ ಭೇದಿಯಾದ ನಾಯಿಗಳೇ ವಿರಳ. ಅಂದರೆ ಈ ಫಲ ಹೇಳುವುದು ಒಂದು ತಳಿಯ ಬಗ್ಗೆ, ಗಿಜಿಗುಡುವ ಆಶ್ರಯಧಾಮದಲ್ಲಿದ್ದ ಬೆಕ್ಕುಗಳ ಬಗ್ಗೆ. ಮನೆಯಲ್ಲಿ ಉಂಡು ಮಲಗಿರುವ ಆರೋಗ್ಯವಂತ ಲ್ಯಾಬ್ರಡಾರ್‌ಗೆ ದಿನಾ ಪುಡಿ ಹಾಕಿ ಎಂದು ಅದು ಎಲ್ಲೂ ಹೇಳುವುದಿಲ್ಲ.

‘ನಮ್ಮ ನಾಯಿಗೆ ಕೊಟ್ಟೆವು, ಮೂರ್ನಾಲ್ಕು ದಿನದಲ್ಲಿ ವಾಸಿಯಾಯಿತಲ್ಲ’ ಎನ್ನುವವರಿದ್ದಾರೆ. 2019ರ ಒಂದು ಪ್ರಯೋಗ ಇದಕ್ಕೆ ನೇರ ಉತ್ತರ. ದಿಢೀರ್ ಭೇದಿ ಹತ್ತಿದ 60 ನಾಯಿಗಳನ್ನು ಮೂರು ಗುಂಪು ಮಾಡಿ ಒಂದಕ್ಕೆ ಪ್ರೋಬಯಾಟಿಕ್, ಇನ್ನೊಂದಕ್ಕೆ ಮೆಟ್ರೋನಿಡಜೋಲ್ ಎಂಬ ಆಂಟಿಬಯಾಟಿಕ್, ಮತ್ತೊಂದಕ್ಕೆ ಔಷಧವೇ ಇಲ್ಲದ ಹುಸಿಗುಳಿಗೆ ಕೊಟ್ಟರು. ಮಲ ಗಟ್ಟಿಯಾಗಲು ಸರಾಸರಿ 3.5, 4.6 ಮತ್ತು 4.8 ದಿನ ಹಿಡಿಯಿತು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ಗಣನೀಯ ವ್ಯತ್ಯಾಸವಲ್ಲ. ಏನೂ ಕೊಡದಿದ್ದರೂ ಹೆಚ್ಚಿನ ನಾಯಿಗಳು ವಾರದೊಳಗೆ ಸರಿಹೋಗುತ್ತವೆ, ಶ್ರೇಯಸ್ಸು ಮಾತ್ರ ಪುಡಿಗೆ ಸೇರುತ್ತದೆ. (ಸಣ್ಣ ಭೇದಿಗೂ ಮೆಟ್ರೋನಿಡಜೋಲ್ ನುಂಗಿಸುವ ನಮ್ಮ ಅಭ್ಯಾಸಕ್ಕೂ ಇಲ್ಲೊಂದು ಪಾಠವಿದೆ. ಆ ಮಾತ್ರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಏರುಪೇರು ಮಾಡುತ್ತದೆ.) ಅದೇ ವರ್ಷ ನಾಯಿಗಳ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಸಮೀಕ್ಷೆಯೊಂದು, ಪ್ರೋಬಯಾಟಿಕ್‌ನ ಪರಿಣಾಮ ಸೀಮಿತ, ಚಿಕಿತ್ಸೆಯ ದೃಷ್ಟಿಯಿಂದ ಬಹುಶಃ ಮುಖ್ಯವೂ ಅಲ್ಲ ಎಂಬ ತೀರ್ಮಾನಕ್ಕೆ ಬಂತು.

ಇಷ್ಟೂ ಆಗುವುದು ಡಬ್ಬಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇದ್ದರೆ. ಕೆನಡಾದಲ್ಲಿ 2011ರಲ್ಲಿ ಪ್ರಾಣಿಗಳಿಗೆಂದು ಮಾರುವ 25 ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಲೇಬಲ್ಲೂ ಸರಿಯಾಗಿದ್ದು, ಒಳಗಿನ ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಬರೆದದ್ದಕ್ಕೆ ತಕ್ಕಂತಿದ್ದದ್ದು ಎರಡರಲ್ಲಿ ಮಾತ್ರ. ಈ ಜೀವಿಗಳಿಗೆ ಬಿಸಿ, ತೇವ ಆಗಿಬರುವುದಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ ಫ್ಯಾನಷ್ಟೇ ಇರುವ ಅಂಗಡಿಯ ಕಪಾಟಿನಲ್ಲಿ ಕೂತ ಡಬ್ಬಿಯ ಗತಿ ಊಹಿಸಬಹುದು. ಕೊಳ್ಳಲೇಬೇಕೆಂದರೆ ಬ್ಯಾಕ್ಟೀರಿಯಾದ ಹೆಸರಷ್ಟೇ ಅಲ್ಲ, ತಳಿಯ ಗುರುತೂ ಬರೆದಿದೆಯೇ, ಡಬ್ಬಿಯ ಮೇಲಿನ ಬ್ಯಾಕ್ಟೀರಿಯಾಗಳ ಕೋಟಿಗಳ ಲೆಕ್ಕ ತಯಾರಾದ ದಿನದ್ದೋ ಅವಧಿ ಮುಗಿಯುವ ದಿನದ್ದೋ ಎಂದು ತಿರುಗಿಸಿ ಓದಬೇಕು.

ವಿಚಿತ್ರವೆಂದರೆ, ಗಟ್ಟಿ ಆಧಾರವಿರುವ ಪೂರಕಗಳಿಗೆ ಇಷ್ಟು ಜಾಹೀರಾತಿಲ್ಲ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಇಸಬ್‌ಗೋಲನ್ನೇ ನೋಡಿ. ಲೋಳೆ ಬೆರೆತ ಸ್ವಲ್ಪಸ್ವಲ್ಪ ಮಲವನ್ನು ಪದೇಪದೇ ಮುಕ್ಕಿ ಹೊರಹಾಕುವ ದೊಡ್ಡ ಕರುಳಿನ ಭೇದಿಯಲ್ಲಿ, ಸುಲಭವಾಗಿ ಜೀರ್ಣವಾಗುವ ಆಹಾರದ ಜೊತೆ ಕೊಟ್ಟಾಗ ಅನೇಕ ನಾಯಿಗಳು ಸುಧಾರಿಸಿವೆ. ಅದರ ಹೊಟ್ಟು ನೀರು ಹೀರಿ ಉಬ್ಬುತ್ತದೆ, ಆದ್ದರಿಂದಲೇ ಮಲಬದ್ಧತೆಯ ಬೆಕ್ಕಿಗೂ ಅದು ಆಗುತ್ತದೆ. ಬಹುಕಾಲದ ಕರುಳಿನ ಕಾಯಿಲೆಯಲ್ಲಿ ರಕ್ತದ ಬಿ12 ತಗ್ಗಿದ್ದರೆ ಅದನ್ನು ತುಂಬಿಕೊಡಲೇಬೇಕು. ಮೇದೋಜೀರಕ ಗ್ರಂಥಿ ಸೋತ ನಾಯಿಗೆ ಕಿಣ್ವದ ಪುಡಿಯಿಲ್ಲದೆ ಉಂಡದ್ದು ಮೈಗೆ ಹತ್ತುವುದಿಲ್ಲ. ಗ್ರಂಥಿ ಸರಿಯಿರುವ ನಾಯಿಗೆ ಅದೇ ಪುಡಿ ದಂಡ. ಇನ್ನು ಎಷ್ಟೋ ಹಳೆಯ ಭೇದಿಗಳು ಆಹಾರ ಬದಲಿಸಿದರೇ ನಿಲ್ಲುತ್ತವೆ. ಇವೆಲ್ಲ ರೋಗ ಇಂಥದ್ದೆಂದು ಪತ್ತೆಯಾದ ಮೇಲಿನ ಮಾತು.

ಹಾಗಾದರೆ ತಲೆಮಾರುಗಳಿಂದ ನಾಯಿಗೆ ಹಾಕುತ್ತ ಬಂದ ಮೊಸರನ್ನ? ಹಾಲಿಗಿಂತ ಮೊಸರಿನಲ್ಲಿ ಲ್ಯಾಕ್ಟೋಸ್ ಕಡಿಮೆ, ಹೆಚ್ಚಿನ ನಾಯಿಗಳು ಅರಗಿಸಿಕೊಳ್ಳುತ್ತವೆ. ಊಟವಾಗಿ ಅದಕ್ಕೆ ತಕರಾರಿಲ್ಲ, ಔಷಧವೆಂದು ನಂಬಬಾರದು ಅಷ್ಟೆ. ಮಾಂಸಾಹಾರವೇ ಪ್ರಕೃತಿಯಾದ ಬೆಕ್ಕಿಗೆ ಮಾತ್ರ ಬರೀ ಮೊಸರನ್ನ ಸಾಲದು. ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಅಲ್ಲಿ ಸಾಕಷ್ಟು ಸಿಗುವುದಿಲ್ಲ.

‘ಉಪಯೋಗವಾಗದಿದ್ದರೆ ಬೇಡ, ತೊಂದರೆಯಂತೂ ಇಲ್ಲವಲ್ಲ’ ಎಂಬ ವಾದ ಉಳಿಯಿತು. ಪುಡಿಯಿಂದ ನೇರ ತೊಂದರೆ ಅಪರೂಪ, ನಿಜ. ಆದರೆ ಮನುಷ್ಯರಿಗೆಂದು ಮಾಡಿದ ಜಗಿಯುವ ಸಿಹಿ ಪ್ರೋಬಯಾಟಿಕ್ ಮಾತ್ರೆಯಲ್ಲಿ ಜೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ನಾಯಿಗೆ ಅದು ವಿಷ. ಅದಕ್ಕಿಂತ ದೊಡ್ಡ ನಷ್ಟ ಕಳೆದುಹೋಗುವ ಸಮಯದ್ದು. ಪಾರ್ವೊ ವೈರಸ್ ತಗುಲಿದ ಮರಿಗೆ, ಕೊಕ್ಕೆಹುಳು ರಕ್ತ ಹೀರುತ್ತಿರುವ ಮರಿಗೆ ಎರಡು ದಿನ ಪುಡಿ ಹಾಕಿ ನೋಡೋಣ ಎಂದರೆ ಆ ಎರಡು ದಿನದಲ್ಲೇ ಜೀವ ಹೋಗಬಹುದು. ಮರಿಗೆ ಭೇದಿಯಾದರೆ, ಯಾವ ಪ್ರಾಣಿಗೇ ಆಗಲಿ ಮಲದಲ್ಲಿ ರಕ್ತ ಕಂಡರೆ, ಜೊತೆಗೆ ವಾಂತಿ ಇದ್ದರೆ, ಮೊದಲು ಒಂದು ಡಬ್ಬಿಯಲ್ಲಿ ಮಲದ ಮಾದರಿ ಹಿಡಿದು ಪಶುವೈದ್ಯರ ಬಳಿ ಹೋಗಿ. ಪುಡಿ ಬೇಕೋ ಬೇಡವೋ ಎಂಬುದನ್ನು ಅಲ್ಲೇ ಕೇಳಿ.