ಹೊಸ ಪ್ರಯೋಗಶಾಲೆಗಳೂ ಹಳೆಯ ವಹಿಗಳೂ

ತಾಂತ್ರಿಕ ವಿದ್ಯಾಸಂಸ್ಥೆಗಳು ತಮ್ಮ ಹೊಸ ಸಂಶೋಧನಾ ಸೌಕರ್ಯಗಳನ್ನು ಕುರಿತು ಪ್ರಕಟಿಸುವ ವರದಿಗಳಲ್ಲಿ ಕಟ್ಟಡದ ವಿಸ್ತೀರ್ಣ, ತಗಲಿದ ವೆಚ್ಚ, ಯಂತ್ರಗಳ ಹೆಸರು ಇವು ಸಾಮಾನ್ಯವಾಗಿ ಇರುತ್ತವೆ. ಅದೇ ವಿಭಾಗದಲ್ಲಿ ಹಿಂದೆ ನಡೆದ ಕೆಲಸದ ದಾಖಲೆಗಳು ಎಲ್ಲಿವೆ ಎಂಬ ಮಾತು ಮಾತ್ರ ಅಪರೂಪ. ಈ ಕೊರತೆಯು ಇತಿಹಾಸಕಾರರಿಗಷ್ಟೇ ಅಲ್ಲ, ವಿಜ್ಞಾನದ ಕಾರ್ಯಕ್ಕೂ ಬಾಧಕವಾದುದೆಂದು ನಾವು ಭಾವಿಸುತ್ತೇವೆ.

ಹುಬ್ಬಳ್ಳಿಯ ವಿದ್ಯಾನಗರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯು 1947ರಲ್ಲಿ, ಈ ಪ್ರದೇಶವಿನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ, ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿತು. 2010ರ ದಶಕದಲ್ಲಿ ಅದೇ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಬೋಧನೆಗಾಗಿ ಹುಟ್ಟಿದ ಕಾಲೇಜು ಸಂಶೋಧನೆಯ ಹೊಣೆಯನ್ನೂ ಹೊತ್ತಾಗ ಹೊಸ ಪ್ರಯೋಗಶಾಲೆಗಳು ಬೇಕಾಗುವುದು ಸಹಜ. ಅದಕ್ಕೆ ನಮ್ಮ ಆಕ್ಷೇಪವಿಲ್ಲ.

ಆದರೆ ಈ ಭಾಗದ ಎರೆಭೂಮಿಯನ್ನು ನೋಡಿರಿ. ಮಳೆಗಾಲದಲ್ಲಿ ನೀರುಂಡು ಉಬ್ಬುವ, ಬೇಸಗೆಯಲ್ಲಿ ಬಿರಿಯುವ ಈ ಮಣ್ಣು ರಸ್ತೆಗಳನ್ನು ಸೀಳುತ್ತದೆ, ತಳಪಾಯಗಳನ್ನು ಕದಲಿಸುತ್ತದೆ. ಯಾವ ಹೊಲದ ಮಣ್ಣು, ಎಷ್ಟು ಆಳದ್ದು, ಯಾವ ತಿಂಗಳಲ್ಲಿ ತೆಗೆದದ್ದು, ಎಷ್ಟು ಉಬ್ಬಿತು ಎಂದು ಒಬ್ಬ ಅಧ್ಯಾಪಕನು 1960ರ ಸುಮಾರಿಗೆ ಬರೆದಿಟ್ಟಿದ್ದನೆಂದು ಭಾವಿಸೋಣ. ಆ ಹೊಲದ ಮೇಲೆ ಇಂದು ಬಡಾವಣೆ ಎದ್ದಿದ್ದರೆ ಆ ಅಳತೆಯನ್ನು ಯಾವ ಹೊಸ ಯಂತ್ರವೂ ಮರಳಿ ಪಡೆಯಲಾರದು. ವಹಿಯನ್ನು ರದ್ದಿಗೆ ಹಾಕಿದರೆ ಅದು ಶಾಶ್ವತವಾಗಿ ಹೋದಂತೆಯೇ.

ಪ್ರಕಟಿತ ಪ್ರಬಂಧಗಳು ಸಾಲವೇ ಎಂದು ಕೆಲವರು ಕೇಳಬಹುದು. ಸಾಲವು. ಪ್ರಬಂಧದಲ್ಲಿರುವುದು ನಿರ್ಣಯ, ವಿಫಲವಾದ ಪ್ರಯತ್ನಗಳು ವಹಿಯಲ್ಲಿ ಮಾತ್ರ ಉಳಿಯುತ್ತವೆ. ಹದಿನೆಂಟನೆಯ ಶತಮಾನದ ಈ ನಾಡನ್ನು ಅರಿಯಲು ನಾವು ಪುಣೆಯ ಪೇಶ್ವೆ ದಫ್ತರಕ್ಕೆ ಹೋಗುತ್ತೇವೆ. ಅಲ್ಲಿಯ ಕಾರಕೂನರು ಇತಿಹಾಸ ಬರೆಯಲು ಕುಳಿತವರಲ್ಲ, ದಿನದ ಲೆಕ್ಕ ಬರೆದವರು. ಪ್ರಯೋಗಶಾಲೆಯ ವಹಿಯೂ ಅಂತಹುದೇ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವು ವಿಜ್ಞಾನದ ದಾಖಲೆಗಳಿಗಾಗಿಯೇ ಸಾರ್ವಜನಿಕ ಭಂಡಾರವೊಂದನ್ನು 2019ರಲ್ಲಿ ತೆರೆದದ್ದು ಇದನ್ನರಿತೇ.

ಆದುದರಿಂದ ಹೊಸ ಪ್ರಯೋಗಶಾಲೆಯ ಯೋಜನೆಯಲ್ಲಿಯೇ ಒಂದು ಒಣ ಕೋಣೆ, ಒಂದು ಸೂಚಿ, ಅದನ್ನು ನೋಡಿಕೊಳ್ಳುವ ಒಬ್ಬ ನೌಕರ ಇವಿಷ್ಟು ಸೇರಿರಬೇಕು. ಯಂತ್ರಗಳ ಬೆಲೆಯೊಡನೆ ಹೋಲಿಸಿದರೆ ಈ ವೆಚ್ಚ ಅತ್ಯಲ್ಪ. ಗಣಕಯಂತ್ರದಲ್ಲಿ ಉಳಿಯುವ ಇಂದಿನ ಅಳತೆಗಳಿಗೂ ಇದೇ ಎಚ್ಚರ ಅವಶ್ಯ. ಅವು ಕಾಗದಕ್ಕಿಂತ ಬೇಗ ಅಳಿಯುತ್ತವೆ. ಇತಿಹಾಸ ವಿಭಾಗಗಳೂ ದೂರ ನಿಂತು ಟೀಕಿಸದೆ ಸೂಚಿಯನ್ನು ಸಿದ್ಧಪಡಿಸುವ ಕೆಲಸದಲ್ಲಿ ತಮ್ಮ ವಿದ್ಯಾರ್ಥಿಗಳನ್ನು ತೊಡಗಿಸುವುದು ಯುಕ್ತ.