ಸಂತೆ ಊರೊಳಗೆ ಬರಲಿ, ಮಳಿಗೆಯೊಳಗೆ ಬೇಡ

ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ತುಮಕೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಬೇಲೂರು, ಹಳೇಬೀಡು, ಅರಸೀಕೆರೆ ಮೂರನ್ನೂ ಹಾದುಹೋಗುತ್ತದೆ. ಇಂಥ ಹೆದ್ದಾರಿಯ ಊರುಗಳಲ್ಲಿ ಬೀದಿಬದಿ ವ್ಯಾಪಾರದ ಮಾತು ಬಂದಾಗಲೆಲ್ಲ ಎರಡೇ ಪರಿಹಾರ ಕೇಳಿಬರುತ್ತವೆ. ಒಂದು, ಸಂತೆಯನ್ನು ಊರಾಚೆಯ ಬಯಲಿಗೆ ಸಾಗಹಾಕುವುದು. ಇನ್ನೊಂದು, ಪೇಟೆಯ ನಡುವೆ ಕಾಂಪ್ಲೆಕ್ಸ್ ಕಟ್ಟಿಸಿ ವ್ಯಾಪಾರಿಗಳನ್ನು ಅದರೊಳಗೆ ತುಂಬುವುದು. ಎರಡೂ ತಪ್ಪು ಲೆಕ್ಕವೆಂದೇ ನನ್ನ ವಾದ. ಸಂತೆ ಊರಿನ ನಡುವಿಗೇ ಬರಬೇಕು, ಆದರೆ ನೆಲದ ಮೇಲೆ ಕೂತು ಮಾರುವ ಸಂತೆಯಾಗಿಯೇ ಬರಬೇಕು.

ಸಂತೆಮಾಳ ಊರ ಹೊರಗಿದ್ದುದಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ಗಾಡಿ ಬಿಡಲು ಜಾಗ ಬೇಕಿತ್ತು, ಎತ್ತುಗಳಿಗೆ ನೆರಳು, ನೀರು ಬೇಕಿತ್ತು, ದನದ ವ್ಯಾಪಾರವೂ ಅಲ್ಲೇ ನಡೆಯುತ್ತಿತ್ತು. ಇಂದು ಕೊಳ್ಳುವವರು ಕೈಚೀಲ ಹಿಡಿದು ಬಸ್ಸಿನಲ್ಲಿ ಬರುತ್ತಾರೆ. ಬೇಲೂರಿನ ಸುತ್ತ ಕಾಫಿ ತೋಟಗಳಿವೆ. ಮಲೆನಾಡಿನ ತೋಟಗಳಲ್ಲಿ ಕೂಲಿಯ ಬಟವಾಡೆಯನ್ನೂ ವಾರದ ರಜೆಯನ್ನೂ ಸಂತೆಯ ದಿನಕ್ಕೆ ಹೊಂದಿಸಿಕೊಂಡು ಬಂದಿರುವುದು ಹಳೆಯ ರೂಢಿ. ಬಟವಾಡೆ ಹಣದಲ್ಲಿ ವಾರದ ದಿನಸಿ ಕೊಳ್ಳುವ ಹೆಂಗಸಿಗೆ ಎರಡು ಬಸ್ಸುಗಳ ನಡುವಿನ ಹೊತ್ತಷ್ಟೇ ಸಿಗುತ್ತದೆ. ಬಸ್ ನಿಲ್ದಾಣದಿಂದ ಒಂದು ಮೈಲಿ ಆಚೆಗೆ ಸಂತೆ ಹೋದರೆ ಆಕೆ ಆಟೋಗೆ ಹಣ ತೆರಬೇಕು, ಇಲ್ಲವೇ ಸಂತೆಯನ್ನೇ ಬಿಡಬೇಕು. ಮಾರುವವಳ ಪಾಡು ಇನ್ನೂ ಕಷ್ಟ. ಬೆಳಗ್ಗೆ ಹೇಳಿದ ಬೆಲೆಗೆ ಮಧ್ಯಾಹ್ನ ಸೊಪ್ಪು ಹೋಗುವುದಿಲ್ಲ, ಸಂಜೆಗೆ ಬಾಡಿದ್ದನ್ನು ಕೇಳಿದಷ್ಟಕ್ಕೆ ಕೊಟ್ಟು ಏಳಬೇಕು. ದಾಸ್ತಾನಿಡಲಾಗದ ಸರಕಿಗೆ ಜನ ಓಡಾಡುವ ದಾರಿಯೇ ಬಂಡವಾಳ.

ಹಾಗೆಂದು ಊರಿನ ನಡು ಎಲ್ಲ ಕಡೆ ಒಂದೇ ಅಲ್ಲ. ಅರಸೀಕೆರೆಯಲ್ಲಿ ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗಕ್ಕೆ ಮೈಸೂರು–ಹಾಸನದ ಮಾರ್ಗ ಬಂದು ಸೇರುತ್ತದೆ. ಅಲ್ಲಿ ಜನ ಕೂಡುವುದು ರೈಲು ನಿಲ್ದಾಣ, ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ. ಆ ಊರಿನ ದೊಡ್ಡ ವ್ಯಾಪಾರವಾದ ಕೊಬ್ಬರಿ ಮಾತ್ರ ಎಪಿಎಂಸಿಯಲ್ಲೇ ಇರಲಿ. ಲಾರಿ, ತೂಕ, ಟೆಂಡರು ಬೇಡುವ ಸಗಟು ವ್ಯಾಪಾರಕ್ಕೆ ಪ್ರಾಂಗಣವೇ ಸರಿ. ಪ್ಯಾರಿಸ್ 1969ರಲ್ಲಿ ತನ್ನ ನಡುಪೇಟೆಯ ಸಗಟು ಮಾರುಕಟ್ಟೆಯನ್ನು ರುಂಜಿಸ್‌ಗೆ ಸಾಗಿಸಿತು. 2020ರಲ್ಲಿ ಮಂಗಳೂರಿನ ಸೆಂಟ್ರಲ್ ಮಾರುಕಟ್ಟೆಯ ಸಗಟು ವರ್ತಕರನ್ನು ಬೈಕಂಪಾಡಿ ಎಪಿಎಂಸಿಗೆ ಕಳಿಸಿದ್ದಕ್ಕೂ ಅಷ್ಟರಮಟ್ಟಿಗೆ ತರ್ಕವಿದೆ. ಸಗಟಿಗೆ ಹೊಂದುವ ಈ ತರ್ಕವನ್ನು ಬುಟ್ಟಿ ಹೊತ್ತು ಬರುವವರ ಮೇಲೂ ಹೇರುವುದೇ ನಮ್ಮ ಆಡಳಿತದ ಹಳೆಯ ಚಾಳಿ.

ಬೇಲೂರು, ಹಳೇಬೀಡಿನ ಪ್ರಶ್ನೆ ಹೆಚ್ಚು ಸೂಕ್ಷ್ಮ. 1117ರ ಚೆನ್ನಕೇಶವ ದೇವಾಲಯವೂ ಹೊಯ್ಸಳೇಶ್ವರವೂ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಸ್ಮಾರಕದ ಮಗ್ಗುಲಲ್ಲಿ ಸಂತೆ ಗದ್ದಲವೇಕೆ ಎಂಬ ಆಕ್ಷೇಪಕ್ಕೆ ಈಗ ಇನ್ನಷ್ಟು ಬಲ ಬಂದಿದೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸುತ್ತದೆ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಕಡ್ಡಾಯ ಮಾಡುತ್ತದೆ. ಗಮನಿಸಬೇಕಾದ್ದೆಂದರೆ ಈ ನಿರ್ಬಂಧ ಮುಖ್ಯವಾಗಿ ಕಟ್ಟಡದ ಮೇಲೆ. ಸಂಜೆ ಮಡಚಿಕೊಂಡು ಹೋಗುವ ಟಾರ್ಪಾಲಿಗಿಂತ ಶಾಶ್ವತವಾಗಿ ನಿಲ್ಲುವ ಕಾಂಕ್ರೀಟಿನಿಂದಲೇ ಸ್ಮಾರಕಕ್ಕೆ ಕೇಡು ಹೆಚ್ಚು. ರಥೋತ್ಸವದ ದಿನಗಳಲ್ಲಿ ಬೇಲೂರಿನ ದೇವಸ್ಥಾನದ ಬೀದಿಯೇ ಜಾತ್ರೆಯಾಗುತ್ತದೆ. ಆಗ ಯಾರೂ ಅಪಚಾರವೆನ್ನುವುದಿಲ್ಲ. ಆದರೂ ವಾರದ ಸಂತೆಯನ್ನು ಗೋಪುರದ ಮುಂದೆ ತರಬಾರದು ಎಂದೇ ನಾನು ಹೇಳುವುದು. ಕಾರಣ ಪಾವಿತ್ರ್ಯವಲ್ಲ, ಗಿರಾಕಿ. ಪ್ರವಾಸಿಗರ ದಾರಿಯಲ್ಲಿ ಕೂತ ಮಾರುಕಟ್ಟೆ ನಿಧಾನಕ್ಕೆ ಪ್ರವಾಸಿಗರದ್ದೇ ಆಗಿಬಿಡುತ್ತದೆ. ಲಂಡನ್ನಿನ ಕವೆಂಟ್ ಗಾರ್ಡನ್ನಿನಿಂದ 1974ರಲ್ಲಿ ತರಕಾರಿ ವ್ಯಾಪಾರ ಹೊರಹೋಯಿತು, ಆಮೇಲೆ ಅಲ್ಲಿ ಉಳಿದದ್ದು ನೋಡಬಂದವರ ಪೇಟೆ. ಕೊತ್ತಂಬರಿ ಕಟ್ಟಿನ ಜಾಗಕ್ಕೆ ಕಲ್ಲಿನ ಪುಟ್ಟ ಗಣಪತಿಗಳು ಬಂದರೆ ಊರವರಿಗೇನು ಲಾಭ? ಬೇಲೂರಿನಲ್ಲೂ ಹಳೇಬೀಡಿನಲ್ಲೂ ಸಂತೆಗೆ ಒಪ್ಪುವ ನಡುವೆಂದರೆ ಹಳ್ಳಿ ಬಸ್ಸು ನಿಲ್ಲುವ ತಾಣ, ಅದೂ ಸ್ಮಾರಕದ ಕಡೆಗೆ ಬೆನ್ನು ಹಾಕಿದ ಮಗ್ಗುಲು.

ಇನ್ನು ಕಾಂಪ್ಲೆಕ್ಸಿನ ಮಾತು. ಬಿಸಿಲು ಮಳೆಯಲ್ಲಿ ಕೂರುವವರಿಗೆ ಸೂರು ಕೊಟ್ಟರೆ ತಪ್ಪೇನು ಎಂದು ಕೇಳುವವರ ಕಾಳಜಿ ನಿಜವೇ. ಆದರೆ ಸೂರಿಗೆ ಶಟರ್ ಬಿದ್ದ ಕ್ಷಣ ಅದು ಮಳಿಗೆ, ಮಳಿಗೆಯೆಂದರೆ ಹರಾಜು, ಹರಾಜೆಂದರೆ ಮುಂಗಡ ಠೇವಣಿ. ವಾರಕ್ಕೊಮ್ಮೆ ಎರಡು ಮೂಟೆ ಹಸಿಮೆಣಸಿನಕಾಯಿ ತರುವ ರೈತ ಅಲ್ಲಿ ಬಿಡ್ ಕೂಗುವವನಲ್ಲ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ 1928ರದ್ದು. ಅಲ್ಲಿ ಆಮೇಲೆ ಬಹುಮಹಡಿ ಕಟ್ಟಡ ಎದ್ದರೂ ಇಂದಿಗೂ ಹೂವು, ಸೊಪ್ಪಿನ ವ್ಯಾಪಾರ ಕಟ್ಟಡದ ಸುತ್ತಲಿನ ಬೀದಿಗೆ ಉಕ್ಕಿ ಹರಿಯುತ್ತದೆ. ಬುಟ್ಟಿಯ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ.

ಅಂಗಡಿಯವರ ದೂರನ್ನು ತಳ್ಳಿಹಾಕುವಂತಿಲ್ಲ. ಬಾಡಿಗೆ, ಲೈಸೆನ್ಸು, ತೆರಿಗೆ ಕಟ್ಟುವವರ ಎದುರಿಗೇ ಅದಾವುದೂ ಇಲ್ಲದವರು ಕೂತರೆ ಸಿಟ್ಟು ಸಹಜ. ಆದರೆ ಸಂತೆಗೆ ಬಂದವರು ಬಟ್ಟೆ, ಪಾತ್ರೆ, ಔಷಧಿ ಕೊಳ್ಳುವುದು ಅಂಗಡಿಗಳಲ್ಲೇ. ಸಂತೆ ದೂರವಾದರೆ ಆ ಗಿರಾಕಿಯೂ ದೂರವಾಗುತ್ತಾನೆ. ಸಂಚಾರದ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಅರಸೀಕೆರೆಯ ಬಿ.ಎಚ್. ರಸ್ತೆಯಂಥ ಹೆದ್ದಾರಿಯ ಮೇಲೆ ಸಂತೆ ಕೂರಿಸುವುದು ಸಾಧ್ಯವಿಲ್ಲ, ಕೂರಿಸಲೂಬಾರದು. ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಸರ್ಕಾರಿ ಜಾಗವನ್ನು ಹುಡುಕಿ ವಾರಕ್ಕೊಂದು ದಿನ ಬಿಟ್ಟುಕೊಡಬೇಕಾಗುತ್ತದೆ, ಆ ದಿನ ಅಲ್ಲಿ ವಾಹನ ನಿಲ್ಲಿಸುವವರು ಗೊಣಗುತ್ತಾರೆ.

ಸ್ಥಳಾಂತರ ಯಾವ ದಿಕ್ಕಿಗಾದರೂ ಸ್ಥಳಾಂತರವೇ ಎಂಬುದನ್ನು ಮರೆಯುವಂತಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ತುರ್ತು ಅಗತ್ಯವಿಲ್ಲದೆ ಎಬ್ಬಿಸಬೇಡಿ ಎನ್ನುತ್ತದೆ, 30 ದಿನಗಳ ನೋಟಿಸು ಕೇಳುತ್ತದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಪ್ರತಿಶತ ವ್ಯಾಪಾರಿಗಳೇ ಇರಬೇಕೆನ್ನುತ್ತದೆ. 50 ವರ್ಷ ಮೀರಿದ ಸಹಜ ಮಾರುಕಟ್ಟೆಯನ್ನು ಪಾರಂಪರಿಕವೆಂದು ಸಾರಿ ಅಲ್ಲಿಯವರನ್ನು ಕದಲಿಸಬಾರದೆಂದೂ ಅದರ ಎರಡನೆಯ ಅನುಸೂಚಿಯಲ್ಲಿದೆ. ಆದ್ದರಿಂದ ಊರ ನಡುವಿಗೆ ತರುವುದೂ ವ್ಯಾಪಾರಿಗಳು ಒಪ್ಪಿದ ಮೇಲಿನ ಮಾತು. ಒಪ್ಪಿಸುವ ದಾರಿ ಸಂತೆ ಸುಂಕದ ಹರಾಜಿನಲ್ಲೇ ಇದೆ: ವಸೂಲಿಯ ಗುತ್ತಿಗೆಗೆ ಸಹಿ ಹಾಕುವ ಮೊದಲು ನೀರಿನ ನಲ್ಲಿ, ಹೆಂಗಸರ ಶೌಚಾಲಯ, ಕತ್ತಲಾದ ಮೇಲೆ ದೀಪ, ರಾತ್ರಿಯೇ ಕಸ ಎತ್ತುವ ಗಾಡಿ, ಬುಟ್ಟಿಗಿಷ್ಟು ಮೂಟೆಗಿಷ್ಟು ಎಂದು ಬರೆದು ತೂಗುಹಾಕಿದ ದರಪಟ್ಟಿ, ಇಷ್ಟನ್ನೂ ಷರತ್ತಾಗಿ ಸೇರಿಸಲಿ.