ಸಹಿ ಬಿತ್ತು, ಅರ್ಥವಾಯಿತೇ?

ಕ್ಲಿನಿಕಲ್ ಟ್ರಯಲ್‌ಗೆ ಸೇರುವವರು ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಒಂದು ಕೃತಿಯೆಂದು ಓದಿದರೆ, ಅದರಲ್ಲಿ ಸುಳ್ಳಿಲ್ಲ ಎಂದು ಮೊದಲೇ ಒಪ್ಪಬೇಕು. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಅದರ ಜೊತೆಗಿನ ಮಾಹಿತಿ ಪತ್ರ ಎಲ್ಲವನ್ನೂ ಹೇಳಲೇಬೇಕು. ಇದು ಸಂಶೋಧನೆ. ಔಷಧ ಫಲ ಕೊಡದೆಯೂ ಹೋಗಬಹುದು. ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಹೋಲಿಕೆಗೆಂದು ಒಂದು ಗುಂಪಿಗೆ ಕೊಡುವ ಪ್ಲಸೀಬೊಗೆ ಚಿಕಿತ್ಸೆಯ ಗುಣವಿಲ್ಲ. ಕಾರಣ ಹೇಳದೆ ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ.

ಕೊರತೆಯಿರುವುದು ಓದಿಸುವ ರೀತಿಯಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರು ದೊಡ್ಡ ಕಾಯಿಲೆಗೆ ತುಮಕೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಸಂಜೆಯ ಬಸ್ಸು ತಪ್ಪಬಾರದೆಂಬ ಆತುರದಲ್ಲಿ ಹಲವು ಪುಟದ ಕಾಗದ ಕೈಗೆ ಬಂದರೆ ‘ಡಾಕ್ಟ್ರೇ ಹೇಳ್ತಿದ್ದಾರಲ್ಲ’ ಎಂದು ಸಹಿ ಬೀಳುತ್ತದೆ. ಅದರಲ್ಲಿ ವಾರ್ಷಿಕ ಆದಾಯದ ಕಾಲಂ ಬೇರೆ ಇದೆ; ಬಿಪಿಎಲ್ ಕಾರ್ಡಿನವರು ಕಾರ್ಡು ಕೈತಪ್ಪೀತೆಂದು ಬೆಚ್ಚುವುದು ಸಹಜ. ಟ್ರಯಲ್‌ನಿಂದ ಸಾವಾದರೆ ಕೊಡುವ ಪರಿಹಾರದ ಸೂತ್ರವಾದರೋ ವಯಸ್ಸು ಮತ್ತು ಕಾಯಿಲೆಯ ತೀವ್ರತೆಯನ್ನು ನೋಡುತ್ತದೆಯೇ ಹೊರತು ಆದಾಯವನ್ನಲ್ಲ. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಪತ್ರ ಇರಬೇಕೆಂಬ ನಿಯಮವಿದೆ. ಹಾಗಾದರೆ ಪಾವಗಡದ ತೆಲುಗು ಮನೆಮಾತಿನವರ ಕೈಗೆ ಕನ್ನಡದ್ದನ್ನಷ್ಟೇ ಕೊಟ್ಟು ಸುಮ್ಮನಾಗುವಂತಿಲ್ಲ. ಓದು ಬಾರದವರ ಜೊತೆ ನಿಷ್ಪಕ್ಷ ಸಾಕ್ಷಿ ಕೂರಬೇಕು, ಕೆಲವು ಟ್ರಯಲ್‌ಗಳಲ್ಲಿ ವಿಡಿಯೊ ಕೂಡ ಕಡ್ಡಾಯ. ಆದರೆ ಸಾಕ್ಷಿಯೂ ಕ್ಯಾಮೆರಾವೂ ಹೇಳಿದ್ದನ್ನು ದಾಖಲಿಸುತ್ತವೆ. ಕೇಳಿದವರ ಮನಸ್ಸಿಗೆ ಏನು ಇಳಿಯಿತೆಂದು ಅಳೆಯುವುದಿಲ್ಲ.

ಇಳಿಯದೆ ಉಳಿಯುವುದು ಹೆಚ್ಚಾಗಿ ಚೀಟಿಯ ವಿಚಾರವೇ. ನನಗೆ ಯಾವುದು ಒಳ್ಳೆಯದೆಂದು ವೈದ್ಯರು ಆರಿಸಿದ್ದಾರೆ ಎಂದೇ ರೋಗಿ ನಂಬಿರುತ್ತಾರೆ. ಚೀಟಿ ಏಕೆ ಬೇಕೆಂದು ವಿವರಿಸಲು ಬೆಳಗಾವಿಯ ಉದಾಹರಣೆ ಸಾಕು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಆದೀತೇ ಎಂದು ಆ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ಮಹಿಳೆಯರಲ್ಲಿ ಪರೀಕ್ಷಿಸಿದರು. ಮಾತ್ರೆ ಪಡೆದವರಲ್ಲಿ ಶೇ. 6.4 ಮಂದಿಗೆ ಅತಿ ರಕ್ತಸ್ರಾವವಾಯಿತು, ಪ್ಲಸೀಬೊ ಪಡೆದವರಲ್ಲಿ ಶೇ. 12 ಮಂದಿಗೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಗುಣವಿಲ್ಲದ ಮಾತ್ರೆ ನುಂಗಿದ ಆ ಅರ್ಧದಷ್ಟು ತಾಯಂದಿರು ಇಲ್ಲದಿದ್ದರೆ ಈ ಹೋಲಿಕೆ ಸಾಧ್ಯವಿರಲಿಲ್ಲ. ಟ್ರಯಲ್‌ನ ಲಾಭ ಹೆಚ್ಚಾಗಿ ಮುಂದೆ ಬರುವ ರೋಗಿಗಳದ್ದು. ಸೇರುವವರಿಗೆ ಇದನ್ನು ಬಿಡಿಸಿ ಹೇಳದೆ ಪಡೆದ ಒಪ್ಪಿಗೆ ಕಾನೂನಿಗೆ ಸಾಕಾದೀತು, ನ್ಯಾಯಕ್ಕೆ ಸಾಲದು.

ಬಿಡಿಸಿ ಹೇಳದಿದ್ದರೆ ತಾವೇ ಹುಡುಕಿ ಓದಬಹುದಲ್ಲ ಎನ್ನಬಹುದು; 2009ರಿಂದ ಪ್ರತಿ ಟ್ರಯಲ್‌ನ ವಿವರ ರಾಷ್ಟ್ರೀಯ ನೋಂದಣಿಗೆ ಸೇರಲೇಬೇಕು. ಆದರೆ ಅದು ಇಂಗ್ಲಿಷಿನಲ್ಲಿರುವುದರಿಂದ ಹಳ್ಳಿಯವರಿಗೆ ದಕ್ಕದು. ಅದಕ್ಕಿಂತ ಸುಲಭದ ಸುಧಾರಣೆ ಆಸ್ಪತ್ರೆಯ ಕೈಯಲ್ಲೇ ಇದೆ. ಪತ್ರವನ್ನು ಮನೆಗೆ ಕೊಟ್ಟು ಕಳಿಸಲಿ, ಆಶಾ ಕಾರ್ಯಕರ್ತೆಯ ಜೊತೆಗೋ ಓದಿದ ಮಕ್ಕಳ ಜೊತೆಗೋ ಕೂತು ಮಾತಾಡಲು ಬಿಡಲಿ. ಮರಳಿ ಬಂದಾಗ ಮೂರೇ ಪ್ರಶ್ನೆ: ನಿಮಗೆ ಯಾವ ಔಷಧ ಸಿಗುತ್ತದೆಂದು ಯಾರು ತೀರ್ಮಾನಿಸುತ್ತಾರೆ? ಬೇಡವೆಂದರೆ ಏನಾಗುತ್ತದೆ? ತೊಂದರೆಯಾದರೆ ಯಾರಿಗೆ ಫೋನ್ ಮಾಡುತ್ತೀರಿ? ಉತ್ತರ ತಪ್ಪಿದರೆ ತಪ್ಪು ಹೇಳಿಕೊಟ್ಟವರದು. ಅವರು ಮತ್ತೊಮ್ಮೆ ವಿವರಿಸಿದ ಮೇಲೆಯೇ ಸಹಿಯ ಮಾತು.